ತಿರುಗುತಟ್ಟೆಯ ಮೇಲೆ ಎರಡು ತೊಡೆಮೂಳೆ: ಮೂರು ಆಯಾಮದ ಅಳತೆಗಾಗಿ ಕಟ್ಟಿದ ಸಾಧನದ ದಾಖಲೆ

ಮೇಜಿನ ಮೇಲೆ ಒಂದೇ ಕುರಿಯ ಎಡ ಮತ್ತು ಬಲ ತೊಡೆಮೂಳೆಗಳಿವೆ. ಎರಡನ್ನೂ ಶುಚಿಗೊಳಿಸಿ, ಎಣ್ಣೆಯ ಅಂಶ ತೆಗೆದು, ಪೂರ್ತಿ ಒಣಗಿಸಲಾಗಿದೆ. ಇವು ನಿಜವಾಗಿಯೂ ಒಂದಕ್ಕೊಂದು ಕನ್ನಡಿಯ ಬಿಂಬದಂತಿವೆಯೇ, ಇಲ್ಲದಿದ್ದರೆ ಎಲ್ಲಿ ಎಷ್ಟು ಬೇರೆಯಾಗಿವೆ ಎಂಬ ಸರಳ ಪ್ರಶ್ನೆಯಿಂದ ಈ ಕೆಲಸ ಆರಂಭವಾಯಿತು. ಉತ್ತರಕ್ಕಿಂತ ಹೆಚ್ಚು ಸಮಯವನ್ನು ತೆಗೆದುಕೊಂಡದ್ದು, ನನ್ನ ಸಾಧನ ಹೇಳುವ ಸಂಖ್ಯೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ತಿಳಿದುಕೊಳ್ಳುವ ಭಾಗ. ಈ ದಾಖಲೆಯ ಬಹುಪಾಲು ಅದನ್ನೇ ಕುರಿತದ್ದು.

ಮೊದಲು ಕೈಯಳತೆ. ಪ್ರಾಣಿಗಳ ಮೂಳೆಯನ್ನು ಅಳೆಯುವವರು ಇಂದಿಗೂ ಪ್ರಾಣಿಮೂಳೆಗಳ ತಜ್ಞೆ ಆಂಗೆಲಾ ಫಾನ್ ಡೆನ್ ಡ್ರೀಶ್ 1976ರಲ್ಲಿ ಕ್ರೋಡೀಕರಿಸಿದ ವ್ಯಾಖ್ಯೆಗಳನ್ನು ಅನುಸರಿಸುತ್ತಾರೆ. ಯಾವ ತುದಿಯಿಂದ ಯಾವ ತುದಿಗೆ ಅಳೆಯಬೇಕು, ಮೂಳೆಯನ್ನು ಹೇಗೆ ಹಿಡಿಯಬೇಕು ಎಂಬುದು ಅಲ್ಲಿ ಖಚಿತವಾಗಿರುವುದರಿಂದ, ಒಬ್ಬರ ಅಳತೆಯನ್ನು ಇನ್ನೊಬ್ಬರದರ ಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಗುತ್ತದೆ. ನಾನು ಮೂರನ್ನು ಆರಿಸಿಕೊಂಡೆ: ಒಟ್ಟು ಗರಿಷ್ಠ ಉದ್ದ, ಗುಂಡುತಲೆಯ (ಸೊಂಟದ ಕೀಲಿನಲ್ಲಿ ಕೂರುವ ದುಂಡು ತುದಿಯ) ಆಳ, ದಂಡದ (ಎರಡು ತುದಿಗಳ ನಡುವಿನ ಉದ್ದ ಭಾಗದ) ಅತಿ ಕಿರಿದಾದ ಜಾಗದ ಅಗಲ. ಕುರಿಯಲ್ಲಿ ದೊಡ್ಡ ಟ್ರೋಕ್ಯಾಂಟರ್, ಅಂದರೆ ಗುಂಡುತಲೆಯ ಪಕ್ಕದಲ್ಲಿ ಸ್ನಾಯುಗಳು ಅಂಟಿಕೊಳ್ಳುವ ಉಬ್ಬು, ಗುಂಡುತಲೆಗಿಂತ ಮೇಲಕ್ಕೆ ಚಾಚಿಕೊಂಡಿರುತ್ತದೆ. ಆದ್ದರಿಂದ ಒಟ್ಟು ಉದ್ದ ಮತ್ತು ಗುಂಡುತಲೆಯಿಂದ ತೆಗೆದ ಉದ್ದ ಎರಡೂ ಬೇರೆ ಬೇರೆ ಅಳತೆಗಳು. ಮನುಷ್ಯನ ತೊಡೆಮೂಳೆಯ ಅಭ್ಯಾಸವಿರುವವರು ಇಲ್ಲಿ ಎಡವುವ ಸಾಧ್ಯತೆಯಿದೆ.

ಗರಿಷ್ಠ ಉದ್ದಕ್ಕೆ ಕ್ಯಾಲಿಪರ್ ಸಾಲದು. ಮೂಳೆಯಳತೆಯ ಹಲಗೆ ಬೇಕು. ಸಪಾಟಾದ ಹಲಗೆ, ಒಂದು ತುದಿಯಲ್ಲಿ ನೆಟ್ಟಗೆ ನಿಲ್ಲಿಸಿದ ಗೋಡೆ, ಎದುರಿಗೆ ಜಾರುವ ಅಡ್ಡಗಟ್ಟೆ, ನಡುವೆ ಉಕ್ಕಿನ ಅಳತೆಪಟ್ಟಿ, ಇಷ್ಟೇ ಅದರ ರಚನೆ. ಒಂದು ಸಂಜೆಯಲ್ಲಿ ಮಾಡಿ ಮುಗಿಸಿದೆ, ಆದರೆ ಅಡ್ಡಗಟ್ಟೆಯನ್ನು ಎರಡನೆಯ ಸಲ ಮಾಡಬೇಕಾಯಿತು. ಮೊದಲನೆಯದು ಹಲಗೆಗೆ ಲಂಬವಾಗಿ ನಿಲ್ಲದೆ ಸುಮಾರು ಒಂದು ಡಿಗ್ರಿ ವಾಲಿತ್ತು. ಒಂದು ಡಿಗ್ರಿ ಎಂದರೆ ಏನೂ ಅಲ್ಲ ಎನಿಸಬಹುದು. ಆದರೆ ಮೂಳೆ ಅದನ್ನು ಹಲಗೆಯಿಂದ 40 ಮಿ.ಮೀ. ಎತ್ತರದಲ್ಲಿ ತಾಗಿದರೆ ಓದಿನಲ್ಲಿ 0.7 ಮಿ.ಮೀ. ತಪ್ಪು ಸೇರಿಕೊಳ್ಳುತ್ತದೆ. ಗಟ್ಟೆಯ ತಳವನ್ನು ಉದ್ದ ಮಾಡಿ, ಮಟ್ಟಗೋಲಿನಿಂದ ಲಂಬವನ್ನು ಪರೀಕ್ಷಿಸಿದ ಮೇಲೆ ಬಲ ಮೂಳೆಯ ಉದ್ದ 182.4 ಮಿ.ಮೀ. ಎಂದು ಸ್ಥಿರವಾಗಿ ಬಂತು. ಗುಂಡುತಲೆಯ ಆಳ 20.5, ದಂಡದ ಕನಿಷ್ಠ ಅಗಲ 15.2 ಮಿ.ಮೀ. ಇವುಗಳನ್ನು ಕಾಗದದ ಮೇಲೆ ಬರೆದಿಟ್ಟೆ. ಮುಂದೆ ಕಂಪ್ಯೂಟರಿನ ಮೂರು ಆಯಾಮದ ಮಾದರಿಯಿಂದ ಬರುವ ಸಂಖ್ಯೆಗಳಿಗೆ ಇವೇ ಒರೆಗಲ್ಲು.

ಕೈಯಳತೆ ಎರಡು ಬಿಂದುಗಳ ನಡುವಿನ ದೂರವನ್ನು ಹೇಳುತ್ತದೆ. ನಡುವೆ ಮೂಳೆ ಹೇಗೆ ಬಾಗಿದೆ, ಎಲ್ಲಿ ಏಣು ಎದ್ದಿದೆ ಎಂಬುದನ್ನು ಹೇಳುವುದಿಲ್ಲ. ಅದಕ್ಕಾಗಿಯೇ ಮೇಲ್ಮೈಯನ್ನು ಪೂರ್ತಿಯಾಗಿ ದಾಖಲಿಸುವ ಸಾಧನ ಬೇಕಾಯಿತು. ಸಿ.ಟಿ. ಸ್ಕ್ಯಾನ್ ಒಳರಚನೆಯನ್ನೂ ಕೊಡುತ್ತದೆ, ಆದರೆ ಅಲ್ಲಿ ಮೂಳೆಯ ಅಂಚು ಎಲ್ಲಿದೆ ಎಂಬುದು ನಾವು ಆರಿಸುವ ಸಾಂದ್ರತೆಯ ಮಿತಿಯನ್ನು ಅವಲಂಬಿಸಿ ಒಳಗೆ ಹೊರಗೆ ಸರಿಯುತ್ತದೆ. ನನ್ನ ಪ್ರಶ್ನೆ ಹೊರಮೈಗೆ ಮಾತ್ರ ಸಂಬಂಧಿಸಿದ್ದರಿಂದ ಅದನ್ನು ಬಿಟ್ಟೆ.

ಮೊದಲು ಕಟ್ಟಿದ್ದು ಲೇಸರ್ ರೇಖೆಯ ಸಾಧನ. ತಿರುಗುತಟ್ಟೆಯ ಮಧ್ಯದಲ್ಲಿ ಮೂಳೆಯನ್ನು ನಿಲ್ಲಿಸಿ, ತಟ್ಟೆಯ ಅಕ್ಷದ ಮೂಲಕವೇ ಹಾಯುವಂತೆ ಕೆಂಪು ಲೇಸರ್ ರೇಖೆಯನ್ನು ಹಾಯಿಸಿ, ಅದರಿಂದ 30 ಡಿಗ್ರಿ ಪಕ್ಕಕ್ಕೆ ಕ್ಯಾಮೆರಾ ಇಟ್ಟೆ. ಮೇಲ್ಮೈ ಮುಂದೆ ಬಂದರೆ ರೇಖೆ ಚಿತ್ರದಲ್ಲಿ ಒಂದು ಕಡೆಗೂ, ಹಿಂದೆ ಸರಿದರೆ ಇನ್ನೊಂದು ಕಡೆಗೂ ವಾಲುತ್ತದೆ; ಆ ವಾಲಿಕೆಯಿಂದ ತ್ರಿಕೋನದ ಲೆಕ್ಕದಲ್ಲಿ ಆಳ ಸಿಗುತ್ತದೆ. ಈ ಕೋನದಲ್ಲಿ ಚಿತ್ರದ ಒಂದು ಪಿಕ್ಸೆಲ್ 0.1 ಮಿ.ಮೀ.ಗೆ ಸಮವಾದರೆ ಆಳದಲ್ಲಿ ಅದು 0.2 ಮಿ.ಮೀ. ಆಗುತ್ತದೆ. ಕೋನವನ್ನು ಹಿಗ್ಗಿಸಿದರೆ ಆಳದ ನಿಖರತೆ ಹೆಚ್ಚುತ್ತದೆ, ಜೊತೆಗೆ ಲೇಸರ್ ತಲುಪಿಯೂ ಕ್ಯಾಮೆರಾಗೆ ಕಾಣದ ಮೂಲೆಗಳೂ ಹೆಚ್ಚುತ್ತವೆ.

ಮೊದಲ ಮಾದರಿಯಲ್ಲಿ ಮೂಳೆಯ ಉದ್ದಕ್ಕೂ ಒಂದು ಮೆಟ್ಟಿಲು ಕಾಣಿಸಿತು. ಸುತ್ತು ಮುಗಿದು ಆರಂಭದ ರೇಖೆಯನ್ನು ಸೇರಬೇಕಾದ ಜಾಗದಲ್ಲಿ ಮೇಲ್ಮೈ ಕೂಡಿಕೊಳ್ಳಲಿಲ್ಲ. ಅಕ್ಷದ ಜೋಡಣೆ ತಪ್ಪಿದೆ ಎಂದು ಭಾವಿಸಿ ಎರಡು ದಿನ ಅದನ್ನೇ ಸರಿಪಡಿಸಿದೆ. ನಿಜವಾದ ಕಾರಣ ಮೋಟರಿನ ಲೆಕ್ಕದಲ್ಲಿತ್ತು. ನನ್ನ ಸ್ಟೆಪ್ಪರ್ ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಮೋಟರನ್ನು ನಡೆಸುವ ವಿದ್ಯುತ್ ಮಂಡಲ, ಅಂದರೆ ಡ್ರೈವರ್, ಪ್ರತಿ ಹೆಜ್ಜೆಯನ್ನು 16 ಭಾಗ ಮಾಡುವುದರಿಂದ ಒಟ್ಟು 3200 ಕಿರುಹೆಜ್ಜೆಗಳು. ಸುತ್ತಿಗೆ 72 ಚಿತ್ರ, ಅಂದರೆ 5 ಡಿಗ್ರಿಗೊಂದು ಎಂದು ನಿಗದಿಪಡಿಸಿದ್ದೆ. 3200ನ್ನು 72ರಿಂದ ಭಾಗಿಸಿದರೆ 44.44 ಬರುತ್ತದೆ; ನನ್ನ ಪ್ರೋಗ್ರಾಂ ದಶಮಾಂಶವನ್ನು ಕೈಬಿಟ್ಟು 44 ಎಂದು ಓಡಿಸುತ್ತಿತ್ತು. ಹೀಗೆ ಸುತ್ತಿನ ಕೊನೆಗೆ 32 ಕಿರುಹೆಜ್ಜೆ, ಅಂದರೆ 3.6 ಡಿಗ್ರಿ ಕೊರತೆ ಬೀಳುತ್ತಿತ್ತು. ಅಕ್ಷದಿಂದ 20 ಮಿ.ಮೀ. ದೂರದ ಮೇಲ್ಮೈಯಲ್ಲಿ ಇದು ಸುಮಾರು 1.3 ಮಿ.ಮೀ. ವ್ಯತ್ಯಾಸ. ಸುತ್ತಿಗೆ 64 ಚಿತ್ರ ಎಂದು ಬದಲಿಸಿದ ಕೂಡಲೇ ಚಿತ್ರಕ್ಕೆ ಸರಿಯಾಗಿ 50 ಕಿರುಹೆಜ್ಜೆ ಆಯಿತು, ಮೆಟ್ಟಿಲು ಮಾಯವಾಯಿತು. ತಿರುಗುತಟ್ಟೆ ಕಟ್ಟುವವರು ಕೋನವನ್ನು ಡಿಗ್ರಿಯಲ್ಲಿ ಯೋಚಿಸದೆ ಹೆಜ್ಜೆಗಳಲ್ಲಿ ಯೋಚಿಸುವುದು ಒಳ್ಳೆಯದು ಎಂದು ಅಂದಿನಿಂದ ನನ್ನ ಅಭಿಪ್ರಾಯ.

ಆದರೂ ಲೇಸರನ್ನು ಕೈಬಿಡಬೇಕಾಯಿತು, ಮತ್ತು ಅದಕ್ಕೆ ಕಾರಣ ಮೂಳೆಯ ಸ್ವಭಾವವೇ. ಬೆಳಕು ಮೂಳೆಯ ಮೇಲ್ಮೈಯಲ್ಲಿ ನಿಲ್ಲುವುದಿಲ್ಲ. ಸ್ವಲ್ಪ ಒಳಗಿಳಿದು, ಚದುರಿ, ಪಕ್ಕದಲ್ಲಿ ಹೊರಬರುತ್ತದೆ. ಕಾಗದದ ಮೇಲೆ ಚೂಪಾಗಿ ಕಾಣುವ ಅದೇ ರೇಖೆ ಮೂಳೆಯ ಮೇಲೆ ಮಂಜು ಹಿಡಿದಂತೆ ಅಗಲವಾಗುತ್ತದೆ. ರೇಖೆಯ ಪ್ರಕಾಶದ ಮಧ್ಯಬಿಂದುವನ್ನು ಲೆಕ್ಕ ಹಾಕಿ ಪಿಕ್ಸೆಲ್‌ಗಿಂತ ಕಿರಿದಾದ ನಿಖರತೆ ಪಡೆಯುವ ಉಪಾಯ ಚಪ್ಪಟೆ ಜಾಗದಲ್ಲಿ ಫಲಿಸುತ್ತದೆ. ಚೂಪಾದ ಏಣಿನ ಮೇಲೆ ರೇಖೆಯ ಒಂದು ಪಕ್ಕ ಕತ್ತರಿಸಿಹೋಗಿ ಮಧ್ಯಬಿಂದು ಸರಿದುಬಿಡುತ್ತದೆ, ಏಣು ಮೊಂಡಾಗಿ ದಾಖಲಾಗುತ್ತದೆ. ಮೂಳೆಯಲ್ಲಿ ನಮಗೆ ಬೇಕಾದ ವಿವರವೆಲ್ಲ ಏಣುಗಳಲ್ಲೇ ಇರುವಾಗ ಇದು ಸಣ್ಣ ದೋಷವಲ್ಲ. ಗುಂಡುತಲೆಗೂ ದೊಡ್ಡ ಟ್ರೋಕ್ಯಾಂಟರಿಗೂ ನಡುವಿನ ಕಣಿವೆಯನ್ನಂತೂ ಲೇಸರ್ ಮತ್ತು ಕ್ಯಾಮೆರಾ ಒಟ್ಟಿಗೆ ನೋಡುವುದೇ ಸಾಧ್ಯವಾಗಲಿಲ್ಲ.

ಹೀಗೆ ಫೋಟೋಗ್ರಾಮೆಟ್ರಿಗೆ ಬಂದೆ. ಈ ವಿದ್ಯೆಯ ಮೂಲದಲ್ಲಿ ಒಂದು ಅಪಾಯದ ಕಥೆಯಿದೆ. 1858ರಲ್ಲಿ ಆಲ್ಬ್ರೆಕ್ಟ್ ಮೈಡೆನ್‌ಬಾವರ್ ಎಂಬ ಜರ್ಮನ್ ವಾಸ್ತುಶಿಲ್ಪಿ ವೆಟ್ಸ್‌ಲಾರ್‌ನ ದೊಡ್ಡ ಚರ್ಚಿನ ಗೋಡೆಗಳನ್ನು ಕೈಯಿಂದ ಅಳೆಯುತ್ತಿದ್ದಾಗ ಮೇಲಿನಿಂದ ಬೀಳುವುದರಲ್ಲಿದ್ದರು. ಮುಟ್ಟದೆ, ಛಾಯಾಚಿತ್ರದಿಂದಲೇ ಅಳೆಯುವ ಯೋಚನೆ ಅಲ್ಲಿಂದ ಬೆಳೆಯಿತು. ಫೋಟೋಗ್ರಾಮೆಟ್ರಿ ಎಂಬ ಹೆಸರು 1867ರಲ್ಲಿ ಅವರಿಂದಲೇ ಬಳಕೆಗೆ ಬಂತು. ಒಂದೇ ವಸ್ತುವನ್ನು ಹಲವು ಕಡೆಯಿಂದ ನೋಡಿದ ಚಿತ್ರಗಳಲ್ಲಿ ಒಂದೇ ಬಿಂದುವನ್ನು ಗುರುತಿಸಿ, ದೃಷ್ಟಿರೇಖೆಗಳು ಸಂಧಿಸುವ ಜಾಗವನ್ನು ಕಂಡುಹಿಡಿಯುವುದು ಇದರ ತಿರುಳು. ಇಂದು ಆ ಗುರುತಿಸುವಿಕೆಯನ್ನು ಮೆಶ್‌ರೂಮ್‌ನಂತಹ ಮುಕ್ತ ತಂತ್ರಾಂಶ ತಾನೇ ಮಾಡುತ್ತದೆ.

ಅದೇ ತಿರುಗುತಟ್ಟೆಯನ್ನು ಉಳಿಸಿಕೊಂಡೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ, 50 ಮಿ.ಮೀ. ಮ್ಯಾಕ್ರೋ ಲೆನ್ಸ್, ಕೈಯಿಂದ ಹೊಂದಿಸಿ ಟೇಪ್ ಅಂಟಿಸಿ ಅಲುಗದಂತೆ ಮಾಡಿದ ಫೋಕಸ್. ಮೂಳೆಯನ್ನು ಮೊದಲು ತಟ್ಟೆಯ ಮೇಲೆ ಅಡ್ಡ ಮಲಗಿಸಿದ್ದೆ. ತಟ್ಟೆ ತಿರುಗಿ ಮೂಳೆಯ ತುದಿ ಕ್ಯಾಮೆರಾದ ಕಡೆಗೆ ಬಂದಾಗ ಹತ್ತಿರದ ತುದಿಗೂ ದೂರದ ತುದಿಗೂ 180 ಮಿ.ಮೀ. ಅಂತರವಾಗಿ, ಎರಡರಲ್ಲಿ ಒಂದು ಮಸುಕಾಗುತ್ತಿತ್ತು. ಮೂಳೆಯನ್ನು ನೆಟ್ಟಗೆ ನಿಲ್ಲಿಸಿ ಕ್ಯಾಮೆರಾವನ್ನೂ ಉದ್ದಕ್ಕೆ ತಿರುಗಿಸಿದರೆ ಈ ತೊಂದರೆಯೇ ಇಲ್ಲ: ಕ್ಯಾಮೆರಾಗೆ ಕಾಣುವುದು ಎದುರಿನ ಅರ್ಧ ಮಾತ್ರ, ಅದರ ಆಳ ಸುಮಾರು 25 ಮಿ.ಮೀ. ಎಫ್ 11ರ ಅಪರ್ಚರಿನಲ್ಲಿ (ಲೆನ್ಸಿನ ಬೆಳಕುಕಂಡಿ; ಸಂಖ್ಯೆ ಹೆಚ್ಚಿದಷ್ಟೂ ಕಂಡಿ ಕಿರಿದು) ಅಷ್ಟು ಆಳ ಸ್ಪಷ್ಟವಾಗಿ ಬರುತ್ತದೆ. ಎಫ್ 22ರವರೆಗೂ ಹೋಗಿ ನೋಡಿದೆ. ಅಲ್ಲಿ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ಮೃದುವಾಗುತ್ತದೆ. ಚಿತ್ರದ ಉದ್ದದ 6000 ಪಿಕ್ಸೆಲ್‌ಗಳಲ್ಲಿ 230 ಮಿ.ಮೀ. ತುಂಬಿದ್ದರಿಂದ ಒಂದು ಪಿಕ್ಸೆಲ್ 0.04 ಮಿ.ಮೀ.ಗೆ ಹತ್ತಿರ. ಕ್ಯಾಮೆರಾವನ್ನು ಮೂರು ಎತ್ತರಗಳಲ್ಲಿಟ್ಟು 64ರಂತೆ 192 ಚಿತ್ರ, ಮೂಳೆಯನ್ನು ತಲೆಕೆಳಗು ಮಾಡಿ ಮತ್ತೆ ಅಷ್ಟೇ.

ಬೆಳಕಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಕೀಲಿನ ಮೇಲ್ಮೈ ನುಣುಪಾಗಿ ಹೊಳೆಯುತ್ತದೆ. ತಟ್ಟೆ ತಿರುಗಿದರೂ ಹೊಳಪು ಬೆಳಕಿನ ಕಡೆಗೇ ನಿಂತಿರುತ್ತದೆ, ಮೂಳೆಯ ಜೊತೆ ತಿರುಗುವುದಿಲ್ಲ. ತಂತ್ರಾಂಶ ಅದನ್ನು ಮೇಲ್ಮೈಯ ಗುರುತೆಂದು ಭ್ರಮಿಸಿದರೆ ಗುಂಡುತಲೆಯ ಮೇಲೆ ಗುಳಿಗಳೇಳುತ್ತವೆ. ದೀಪಗಳ ಮುಂದೆ ಪೋಲರೈಸಿಂಗ್ ಹಾಳೆ, ಲೆನ್ಸಿನ ಮುಂದೆ ಅದಕ್ಕೆ 90 ಡಿಗ್ರಿ ತಿರುಗಿಸಿದ ಪೋಲರೈಸಿಂಗ್ ಫಿಲ್ಟರ್ ಇಟ್ಟಾಗ ಹೊಳಪು ಬಹುತೇಕ ಅಳಿದುಹೋಯಿತು. ಮೂಳೆಗೆ ಏನನ್ನೂ ಬಳಿಯದೆ ಇದು ಸಾಧ್ಯವಾಗುವುದು ನನಗೆ ಬಹಳ ಸಮಾಧಾನ ತಂದ ಸಂಗತಿ. ಹಿನ್ನೆಲೆಗೆ ಕಪ್ಪು ಬಟ್ಟೆ ಕಟ್ಟಿದೆ; ಗೋಡೆಯ ಕಲೆಗಳು ಚಿತ್ರದಲ್ಲಿದ್ದರೆ ತಂತ್ರಾಂಶ ಸ್ಥಿರವಾಗಿರುವ ಗೋಡೆಯನ್ನು ಹಿಡಿದು, ಕ್ಯಾಮೆರಾ ಅಲುಗಿಯೇ ಇಲ್ಲ ಎಂಬ ತೀರ್ಮಾನಕ್ಕೆ ಬರುತ್ತದೆ.

ಈಗ ಅಳತೆಗೋಲಿನ ಪ್ರಶ್ನೆ. ಫೋಟೋಗ್ರಾಮೆಟ್ರಿಯ ಮಾದರಿಗೆ ಆಕಾರವಿರುತ್ತದೆ, ಗಾತ್ರವಿರುವುದಿಲ್ಲ. ಚಿತ್ರದೊಳಗೆ ತಿಳಿದ ದೂರವೊಂದನ್ನು ಇಟ್ಟು ನಾವೇ ಅದನ್ನು ಕೊಡಬೇಕು. ನಾನು ಕಾಗದದ ಮೇಲೆ 100 ಮಿ.ಮೀ. ಅಂತರದಲ್ಲಿ ಎರಡು ಗುರುತುಗಳನ್ನು ಮುದ್ರಿಸಿ ತಟ್ಟೆಗೆ ಅಂಟಿಸಿದೆ. ಮೊದಲ ಪೂರ್ಣ ಮಾದರಿ ಅತ್ಯಂತ ಸುಂದರವಾಗಿತ್ತು. ದಂಡದ ಮೇಲೆ ರಕ್ತನಾಳ ಒಳಹೋಗುವ ಸಣ್ಣ ರಂಧ್ರ ಸಹ ಸ್ಪಷ್ಟವಾಗಿ ಕಾಣುತ್ತಿತ್ತು. ಉದ್ದ ಮಾತ್ರ 188.0 ಮಿ.ಮೀ. ಬಂತು. ಹಲಗೆ ಹೇಳಿದ್ದು 182.4. ಮುದ್ರಕ ನನ್ನ ಹಾಳೆಯನ್ನು ಪುಟಕ್ಕೆ ಹೊಂದಿಸುವ ಸಲುವಾಗಿ ಕುಗ್ಗಿಸಿ, 100 ಎಂದು ಬರೆದಿದ್ದನ್ನು 97 ಮಿ.ಮೀ. ಮಾಡಿತ್ತು. ಹಲಗೆಯ ಅಳತೆ ಮೊದಲೇ ಬರೆದಿಡದಿದ್ದರೆ ಆ ಸುಂದರ ಮಾದರಿಯನ್ನು ನಾನು ಅನುಮಾನಿಸುತ್ತಲೇ ಇರಲಿಲ್ಲ.

ಕಾಗದವನ್ನು ಕಿತ್ತು ಹಾಕಿ, ಗೆರೆ ಕೊರೆದ ಉಕ್ಕಿನ ಅಳತೆಪಟ್ಟಿ ಮೂರನ್ನು ತಟ್ಟೆಗೆ ಬಿಗಿದೆ. ಒಂದು ಅಡ್ಡ, ಇನ್ನೊಂದು ಅದಕ್ಕೆ ಲಂಬವಾಗಿ ಅಡ್ಡ, ಮೂರನೆಯದು ನೆಟ್ಟಗೆ ನಿಂತದ್ದು. ಗಾತ್ರ ಕೊಡಲು ಮೊದಲನೆಯದನ್ನು ಮಾತ್ರ ಬಳಸುತ್ತೇನೆ, ಉಳಿದೆರಡು ಪರೀಕ್ಷೆಗೆ. ಗಾತ್ರ ಕೊಟ್ಟ ಪಟ್ಟಿಯನ್ನೇ ಅಳೆದು ಸರಿಯಾಗಿದೆ ಎಂದುಕೊಳ್ಳುವುದರಲ್ಲಿ ಅರ್ಥವಿಲ್ಲ. ಅಡ್ಡಡ್ಡಲಾಗಿ ಸರಿಯಿದ್ದ ಮಾದರಿ ಮೇಲಕ್ಕೆ ಸ್ವಲ್ಪ ಹಿಗ್ಗಿರಬಹುದು, ಅದನ್ನು ನಿಂತ ಪಟ್ಟಿಯೊಂದೇ ತೋರಿಸಬಲ್ಲದು.

ಇದರ ಮೇಲೆ ಇನ್ನೊಂದು ಪರೀಕ್ಷೆ ಮಾಡಿದೆ, ಮತ್ತು ಇಡೀ ಕೆಲಸದಲ್ಲಿ ನನಗೆ ಅತ್ಯಂತ ಹೆಚ್ಚು ಕಲಿಸಿದ್ದು ಅದೇ. ಆಪ್ಟಿಕಲ್ ಅಳತೆ ಸಾಧನಗಳನ್ನು ಪರೀಕ್ಷಿಸಲು ಜರ್ಮನಿಯ ಎಂಜಿನಿಯರುಗಳ ಸಂಘಗಳು ಹೊರತಂದ ವಿಡಿಐ/ವಿಡಿಇ 2634 ಮಾರ್ಗಸೂಚಿಯಲ್ಲಿ ಗೋಲಗಳನ್ನು ಬಳಸುವ ಕ್ರಮವಿದೆ. ಅದನ್ನು ಸರಳಗೊಳಿಸಿ, 25.00 ಮಿ.ಮೀ. ವ್ಯಾಸದ ಎರಡು ಬೇರಿಂಗ್ ಗುಂಡುಗಳನ್ನು ಒಂದು ಲೋಹದ ಪಟ್ಟಿಗೆ ಅಂಟಿಸಿ ಮೂಳೆಯ ಜಾಗದಲ್ಲಿ ನಿಲ್ಲಿಸಿದೆ. ಎರಡೂ ಗುಂಡುಗಳ ಹೊರಬದಿಯಿಂದ ಹೊರಬದಿಗೆ ಕ್ಯಾಲಿಪರಿನಲ್ಲಿ 175.02 ಮಿ.ಮೀ.; ಒಂದು ವ್ಯಾಸ ಕಳೆದರೆ ಕೇಂದ್ರದಿಂದ ಕೇಂದ್ರಕ್ಕೆ 150.02. ಹೊಳಪು ಅಡಗಿಸಲು ಸೀಮೆಸುಣ್ಣದ ನುಣ್ಣನೆಯ ಪುಡಿಯನ್ನು ಉದುರಿಸಿದೆ. ಮಾದರಿಯಲ್ಲಿ ಗುಂಡುಗಳ ಮೇಲ್ಮೈಗೆ ಗೋಲವನ್ನು ಹೊಂದಿಸಿದಾಗ ಕೇಂದ್ರಗಳ ಅಂತರ 150.04, ವ್ಯಾಸ 25.11 ಬಂತು.

ಈ ಎರಡು ಸಂಖ್ಯೆಗಳು ಬೇರೆ ಬೇರೆ ವಿಷಯ ಹೇಳುತ್ತವೆ. ಪುಡಿಯ ಪದರವಾಗಲಿ, ಬಿಂದುಗಳು ಮೇಲ್ಮೈಯಿಂದ ತುಸು ಹೊರಗೆ ನಿಲ್ಲುವ ಪ್ರವೃತ್ತಿಯಾಗಲಿ ಗೋಲವನ್ನು ಎಲ್ಲ ಕಡೆಗೂ ಸಮನಾಗಿ ಉಬ್ಬಿಸುತ್ತವೆ. ಕೇಂದ್ರ ಮಾತ್ರ ಇದ್ದಲ್ಲೇ ಇರುತ್ತದೆ. ಆದ್ದರಿಂದ ಕೇಂದ್ರಗಳ ಅಂತರ ಅಳತೆಗೋಲಿನ ತಪ್ಪನ್ನು ತೋರಿಸಿದರೆ, ವ್ಯಾಸ ಮೇಲ್ಮೈಯ ಉಬ್ಬನ್ನು ತೋರಿಸುತ್ತದೆ. ನನ್ನ ಅಳತೆಗೋಲು ಸರಿಯಿತ್ತು, ಮೇಲ್ಮೈ ಎರಡೂ ಬದಿಗೆ 0.05 ಮಿ.ಮೀ.ಗಿಂತ ತುಸು ಹೆಚ್ಚು ಉಬ್ಬಿತ್ತು. ಪುಡಿಯನ್ನು ಕುಂಚದಿಂದ ತೆಳುಗೊಳಿಸಿ ಮತ್ತೆ ಚಿತ್ರ ತೆಗೆದಾಗ ವ್ಯಾಸ 25.07ಕ್ಕೆ ಇಳಿಯಿತು. ಉಬ್ಬಿನ ಒಂದು ಪಾಲು ಪುಡಿಯದೇ ಆಗಿತ್ತು ಎಂದಾಯಿತು.

ಮೂಳೆಯ ಎರಡು ಅರ್ಧಗಳನ್ನು ಕೂಡಿಸುವುದು ಮುಂದಿನ ಹಂತ. ನಿಲ್ಲಿಸಿದಾಗ ತಳದ ಫೋಮಿನಲ್ಲಿ ಹುದುಗಿದ ಭಾಗ ಕಾಣುವುದಿಲ್ಲ; ತಲೆಕೆಳಗು ಮಾಡಿದ ಎರಡನೆಯ ಸರಣಿಯಲ್ಲಿ ಅದು ಸಿಗುತ್ತದೆ. ಎರಡು ಮೇಲ್ಮೈಗಳನ್ನು ಒಂದರ ಮೇಲೊಂದು ಕೂರಿಸಲು ಬೆಸ್ಲ್ ಮತ್ತು ಮೆಕೇ 1992ರಲ್ಲಿ ಪ್ರಕಟಿಸಿದ ಐಸಿಪಿ ವಿಧಾನವನ್ನು ಕ್ಲೌಡ್‌ಕಂಪೇರ್ ತಂತ್ರಾಂಶದಲ್ಲಿ ಬಳಸಿದೆ. ಪ್ರತಿ ಬಿಂದುವಿಗೂ ಎದುರಿನ ಮೇಲ್ಮೈಯಲ್ಲಿ ಅತಿ ಹತ್ತಿರದ ಬಿಂದುವನ್ನು ಜೋಡಿಸಿ, ದೂರ ಕಡಿಮೆಯಾಗುವಂತೆ ಸರಿಸಿ, ಮತ್ತೆ ಮತ್ತೆ ಅದನ್ನೇ ಮಾಡುವುದು ಈ ವಿಧಾನ. ಉದ್ದಮೂಳೆಯಲ್ಲಿ ಇದಕ್ಕೊಂದು ದೌರ್ಬಲ್ಯವಿದೆ. ಎರಡೂ ಸರಣಿಗಳಲ್ಲಿ ಚೆನ್ನಾಗಿ ಕಾಣುವ ಭಾಗ ದಂಡ, ಅದು ಹೆಚ್ಚುಕಡಿಮೆ ಕೊಳವೆಯ ಆಕಾರದ್ದು. ಕೊಳವೆಯ ಮೇಲೆ ಕೊಳವೆ ಜಾರಿದರೂ ತಿರುಗಿದರೂ ಹತ್ತಿರದ ಬಿಂದುಗಳ ದೂರ ಹೆಚ್ಚುವುದಿಲ್ಲ. ನನ್ನ ಮೊದಲ ಜೋಡಣೆಯಲ್ಲಿ ಸರಾಸರಿ ದೂರ ಬಹಳ ಚಿಕ್ಕದಾಗಿದ್ದರೂ ರಕ್ತನಾಳದ ರಂಧ್ರ ಎರಡು ಕಡೆ ಕಾಣಿಸಿತು. ಆ ರಂಧ್ರ, ಗುಂಡುತಲೆಯ ಗುಳಿ ಮತ್ತು ದಂಡದ ಹಿಂಬದಿಯ ಒರಟು ರೇಖೆಯ ಎರಡು ತಿರುವುಗಳನ್ನು ಕೈಯಾರೆ ಜೋಡಿಸಿ ಆಮೇಲೆ ಐಸಿಪಿ ಓಡಿಸಿದಾಗ ರಂಧ್ರ ಒಂದೇ ಆಯಿತು. ಸರಾಸರಿ ದೂರ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ. ಹಾಗಾಗಿ ಆ ಸಂಖ್ಯೆಯನ್ನಷ್ಟೇ ನೋಡಿ ಜೋಡಣೆಯನ್ನು ಒಪ್ಪುವುದನ್ನು ನಿಲ್ಲಿಸಿದ್ದೇನೆ.

ಬಿಂದುಗಳಿಂದ ಮೆಶ್ (ಸಣ್ಣ ತ್ರಿಕೋನಗಳ ಜಾಲದಂತಹ ಮೇಲ್ಮೈ) ಹೆಣೆಯಲು 2006ರಲ್ಲಿ ಪ್ರಕಟವಾದ ಪಾಯ್ಸನ್ ವಿಧಾನವನ್ನು ಮೆಶ್‌ಲ್ಯಾಬ್‌ನಲ್ಲಿ ಬಳಸಿದೆ. ಅದು ಎಲ್ಲಿಯೂ ತೂತಿಲ್ಲದ ಮೇಲ್ಮೈ ಕೊಡುತ್ತದೆ. ದತ್ತಾಂಶವಿಲ್ಲದ ಜಾಗವನ್ನು ತಾನೇ ನುಣ್ಣಗೆ ಮುಚ್ಚಿಬಿಡುತ್ತದೆ. ಎರಡು ಕಾಂಡೈಲ್‌ಗಳ (ಮಂಡಿಯ ಕಡೆಯ ದುಂಡು ಉಬ್ಬುಗಳ) ನಡುವಿನ ಆಳವಾದ ಕಣಿವೆ ನನ್ನ ಮೆಶ್‌ನಲ್ಲಿ ಅರ್ಧ ತುಂಬಿಹೋಗಿತ್ತು. ಮೂಲ ಬಿಂದುಗಳಿಂದ ಮೆಶ್ ಎಷ್ಟು ದೂರವಿದೆ ಎಂಬ ಬಣ್ಣದ ನಕ್ಷೆ ತೆಗೆದು, ದೂರ ಹೆಚ್ಚಿದ್ದ ತೇಪೆಗಳನ್ನು ಕತ್ತರಿಸಿ ತೆಗೆದೆ. ಅಳತೆಗೆ ತೂತಿರುವ ಮೆಶ್ ಸಾಕು.

ಈ ಹಂತದಲ್ಲಿ ಬಲ ಮೂಳೆಯ ಮಾದರಿಯ ಉದ್ದ 182.5, ಗುಂಡುತಲೆಯ ಆಳ 20.6, ದಂಡದ ಕನಿಷ್ಠ ಅಗಲ 15.3 ಮಿ.ಮೀ. ಮೂರೂ ಕೈಯಳತೆಗಿಂತ 0.1 ಹೆಚ್ಚು. ದೊಡ್ಡ ಅಳತೆಯಲ್ಲೂ ಸಣ್ಣ ಅಳತೆಯಲ್ಲೂ ವ್ಯತ್ಯಾಸ ಒಂದೇ ಆಗಿರುವುದು ಗುಂಡುಗಳಲ್ಲಿ ಕಂಡ ಮೇಲ್ಮೈಯ ಉಬ್ಬಿಗೆ ಹೊಂದುತ್ತದೆ. ಅಳತೆಗೋಲಿನ ತಪ್ಪಾಗಿದ್ದರೆ ಅದು ಉದ್ದದ ಜೊತೆ ಬೆಳೆಯುತ್ತಿತ್ತು.

ಆಕಾರದ ಹೋಲಿಕೆಗೆ ತ್ರೀಡಿ ಸ್ಲೈಸರ್ ತಂತ್ರಾಂಶದ ಸ್ಲೈಸರ್‌ಮಾರ್ಫ್ ವಿಸ್ತರಣೆಯಲ್ಲಿ ಗುರುತುಬಿಂದುಗಳನ್ನು ಇಟ್ಟೆ. ಆಕಾರಗಳ ಅಳತೆಯ ವಿದ್ವಾಂಸ ಫ್ರೆಡ್ ಬುಕ್‌ಸ್ಟೈನ್ ಮಾಡಿದ ವಿಂಗಡಣೆಯಂತೆ ಕೆಲವು ಬಿಂದುಗಳು ರಂಧ್ರದಂತಹ ಖಚಿತ ರಚನೆಯಿಂದಲೇ ಗುರುತಾಗುತ್ತವೆ, ಕೆಲವು ಬಾಗಿನ ಅತಿ ಚೂಪಾದ ಜಾಗದಲ್ಲಿರುತ್ತವೆ, ಉಳಿದವು ಅತಿ ದೂರದ ತುದಿ ಎಂಬಂತಹ ಜ್ಯಾಮಿತಿಯಿಂದ ಮಾತ್ರ ನಿರ್ಧಾರವಾಗುತ್ತವೆ. ಕೈ ಎಷ್ಟು ಅಲುಗುತ್ತದೆ ಎಂಬುದನ್ನು ತಿಳಿಯಲು ಐದು ಬಿಂದುಜೋಡಿಗಳ ದೂರವನ್ನು ಎರಡು ಬೇರೆ ದಿನಗಳಲ್ಲಿ ಅಳೆದೆ. ವ್ಯತ್ಯಾಸಗಳು 0.1, 0.2, 0.1, 0.3, 0.1 ಮಿ.ಮೀ. ಇವುಗಳ ವರ್ಗಗಳ ಮೊತ್ತ 0.16, ಅದನ್ನು ಜೋಡಿಗಳ ಸಂಖ್ಯೆಯ ಎರಡರಷ್ಟರಿಂದ, ಅಂದರೆ 10ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.13 ಮಿ.ಮೀ. ಇದು ನನ್ನ ಕೈಯ ತಾಂತ್ರಿಕ ದೋಷ, ಅಂದರೆ ಒಂದೇ ಅಳತೆಯನ್ನು ಮತ್ತೆ ತೆಗೆದಾಗ ಬರುವ ಓಲಾಟ. 0.3 ಬಂದದ್ದು ದೊಡ್ಡ ಟ್ರೋಕ್ಯಾಂಟರಿನ ಮೊಂಡು ತುದಿಯಲ್ಲಿ.

ಆ ಒಂದು ಬಿಂದುವಿನಿಂದ ಮುಂದೆ ತೊಂದರೆಯೂ ಆಯಿತು. ಪ್ರೊಕ್ರಸ್ಟಿಸ್ ಹೊಂದಾಣಿಕೆಯಲ್ಲಿ ಬಿಂದುಗಳ ಕೂಟವನ್ನು ಒಂದೇ ಕೇಂದ್ರಕ್ಕೆ ತಂದು, ಒಂದೇ ಗಾತ್ರಕ್ಕೆ ಇಳಿಸಿ, ವರ್ಗಗಳ ಮೊತ್ತ ಕನಿಷ್ಠವಾಗುವಂತೆ ತಿರುಗಿಸಲಾಗುತ್ತದೆ. ಒಂದು ಬಿಂದು ಬಹಳ ತಪ್ಪಿದರೆ ಆ ತಪ್ಪನ್ನು ಉಳಿದ ಬಿಂದುಗಳಿಗೂ ಹಂಚಿ, ಎಲ್ಲವೂ ಸ್ವಲ್ಪ ಸ್ವಲ್ಪ ಸರಿದಂತೆ ತೋರಿಸುತ್ತದೆ. ಎಡ ಮೂಳೆಯಲ್ಲಿ ಟ್ರೋಕ್ಯಾಂಟರಿನ ತುದಿಯನ್ನು ಅಜಾಗರೂಕತೆಯಿಂದ ಇಟ್ಟಿದ್ದರಿಂದ ಕಾಂಡೈಲ್‌ಗಳೂ ಬೇರೆಯಾಗಿ ಕಂಡವು. ಬಿಂದುವನ್ನು ಸರಿಪಡಿಸಿದ ಮೇಲೆ ಆ ವ್ಯತ್ಯಾಸ ಉಳಿಯಲಿಲ್ಲ.

ಕೊನೆಗೆ ಮೂಲ ಪ್ರಶ್ನೆ. ಅದಕ್ಕೆ ಮೊದಲು ಬಲ ಮೂಳೆಯನ್ನು ತಟ್ಟೆಯಿಂದ ತೆಗೆದು, ಮತ್ತೆ ನಿಲ್ಲಿಸಿ, ಹೊಸದಾಗಿ ಚಿತ್ರ ತೆಗೆದು, ಇಡೀ ಕ್ರಮವನ್ನು ಆರಂಭದಿಂದ ಇನ್ನೆರಡು ಸಲ ನಡೆಸಿದೆ. ಉದ್ದ 182.5, 182.4, 182.6 ಮಿ.ಮೀ. ಎಡ ಮೂಳೆಯ ಉದ್ದ 182.7. ಸಾಧನ ತನ್ನಷ್ಟಕ್ಕೇ 0.2 ಮಿ.ಮೀ. ಓಲಾಡುವಾಗ ಎಡ ಮೂಳೆ 0.2 ಮಿ.ಮೀ. ಉದ್ದವಾಗಿದೆ ಎನ್ನಲು ನನಗೆ ಅಧಿಕಾರವಿಲ್ಲ. ಉದ್ದದಲ್ಲಿ ಭೇದ ಕಾಣಲಿಲ್ಲ ಎಂದು ಬರೆದಿದ್ದೇನೆ. ಎಡ ಮೂಳೆಯ ಮೆಶ್ಶನ್ನು ಕನ್ನಡಿಯಂತೆ ತಿರುವಿ ಬಲದ ಮೇಲೆ ಕೂರಿಸಿದಾಗ ಬಹುಪಾಲು ಮೇಲ್ಮೈ 0.15 ಮಿ.ಮೀ. ಒಳಗೇ ಹೊಂದಿತು. ಸಣ್ಣ ಟ್ರೋಕ್ಯಾಂಟರಿನ ಸುತ್ತ ಮಾತ್ರ ಎಡ ಮೂಳೆ 0.7 ಮಿ.ಮೀ. ಎದ್ದು ನಿಂತಿತ್ತು. ತಕ್ಷಣ ಕ್ಯಾಲಿಪರ್ ಹಿಡಿದು ಆ ಮಟ್ಟದಲ್ಲಿ ದಂಡದ ದಪ್ಪವನ್ನು ಅಳೆದೆ: ಬಲ 24.1, ಎಡ 24.7 ಮಿ.ಮೀ. ಸೊಂಟವನ್ನು ಮಡಿಸುವ ಸ್ನಾಯು ಬಂದು ಅಂಟಿಕೊಳ್ಳುವ ಜಾಗವದು. ಎರಡೂ ಮೂಳೆಗಳ ಮೂಲ ಚಿತ್ರಗಳು, ಪಟ್ಟಿಗಳ ಓದುಗಳು, ತೂತು ಮುಚ್ಚದ ಮೆಶ್‌ಗಳು ಮತ್ತು ಗುಂಡುಗಳ ಪರೀಕ್ಷೆಯ ಫಲಿತಾಂಶವನ್ನು ಒಂದೇ ಕಡತಕೋಶದಲ್ಲಿ ಇರಿಸಿದ್ದೇನೆ.